ದೊಡ್ಡ ಕುಂಡ

"ನಿಮ್ಮ ಕೈಗೇನು ಬಂದಿತ್ರೀ ದೊಡ್ಡ ರೋಗ! ಮತ್ತೆ ಕಿತ್ರಾ?"

ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದವಳು ಚಪ್ಪಲಿ ಬಿಡುವುದನ್ನೂ ಮರೆತು ಅಂಗಳದಲ್ಲೇ ನಿಂತಳು. ಗಂಡ ಮೊಣಕೈವರೆಗೆ ಮಣ್ಣು ಮಾಡಿಕೊಂಡು, ಅರ್ಧಕ್ಕೆ ಕತ್ತರಿಸಿದ ನೀಲಿ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೀಲಿ ಹೂ ಬಿಡುವ ಅಗಪ್ಯಾಂಥಸ್ ಗಿಡವನ್ನು ಕೂರಿಸುತ್ತಿದ್ದ. ಹಳೆಯ ಮಣ್ಣಿನ ಕುಂಡ ಪಕ್ಕದಲ್ಲಿ ಚೂರುಚೂರಾಗಿ ಬಿದ್ದಿತ್ತು.

"ಕೂಗಾಡ್ಬೇಡ್ವೇ. ಬೇರು ನೋಡಿದೀಯಾ? ಒಂದರ ಮೇಲೊಂದು ಸುತ್ಕೊಂಡು, ಉಸಿರಾಡೋಕೂ ಜಾಗ ಇರ್ಲಿಲ್ಲ ಪಾಪ."

ಪಾಪವಂತೆ ಪಾಪ! ಇವನು ಸಿಟಿ ಬಸ್ಸಿನ ಡ್ರೈವರು. ಬಾಗಿಲಲ್ಲಿ ಜೋತುಬಿದ್ದವರನ್ನು ದಿನವಿಡೀ ಕನ್ನಡಿಯಲ್ಲಿ ನೋಡೀ ನೋಡೀ, ಮನೆಗೆ ಬಂದರೆ ಯಾವುದೂ ಇಕ್ಕಟ್ಟಾಗಿರುವುದನ್ನು ಸಹಿಸಲಾರ. ಉಪ್ಪಿನ ಡಬ್ಬಿ ತುಂಬಿದ್ದರೆ ಎರಡು ಡಬ್ಬಿ ಮಾಡುತ್ತಾನೆ. ಕಪಾಟಿನ ಬಟ್ಟೆಗೆ ಗಾಳಿಯಾಡಲಿ ಎಂದು ಅರ್ಧ ತೆಗೆದು ಕುರ್ಚಿಯ ಮೇಲೆ ರಾಶಿ ಹಾಕುತ್ತಾನೆ. ಹಾಕಿಕೊಳ್ಳಲಿ, ಹಾಳಾಗಿ ಹೋಗಲಿ ಎಂದು ಅವಳು ಸುಮ್ಮನಿದ್ದಳು. ಆದರೆ ಈ ಗಿಡಕ್ಕೆ ಇಕ್ಕಟ್ಟೇ ಬೇಕು. ಬೇರು ಕುಂಡದ ತುಂಬ ಹೆಣೆದುಕೊಂಡರೆ ಚೆನ್ನಾಗಿ ಹೂ ಬಿಡುತ್ತದೆ. ಜಾಗ ಸಿಕ್ಕಿತೋ, ಬೇರು ಚಾಚಿಕೊಂಡು ಬರೀ ಎಲೆ ಬಿಡುತ್ತಾ ಆರಾಮಾಗಿ ಕೂತುಬಿಡುತ್ತದೆ. ಎಷ್ಟು ಸಲ ಹೇಳಿದ್ದಳು! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಪ್ರತಿ ವರ್ಷ ಅವಳ ಕಣ್ಣು ತಪ್ಪಿಸಿ ಕುಂಡ ಬದಲಾಯಿಸುವುದು, ಪ್ರತಿ ವರ್ಷ ಎಲೆ ನೋಡಿಕೊಂಡು ಕೂರುವುದು. ಕಳೆದ ವರ್ಷ ಮಾತ್ರ ಹಠ ಹಿಡಿದು ಕಾವಲು ಕಾದಿದ್ದಳು.

ಅದರ ಫಲವಾಗಿ ಮೊನ್ನೆ ಎಲೆಗಳ ನಡುವೆ ಮೊಗ್ಗಿನ ದಂಟು ತಲೆಯೆತ್ತಿತ್ತು. ಗಿಡ ಅವಳ ಅಮ್ಮನ ತೋಟದ್ದು. ಅಮ್ಮ ಈಗ ಇವರ ಜೊತೆಗೇ ಇದ್ದಾರೆ. ಅವರ ಕಣ್ಣು ದಿನೇದಿನೇ ಮಂಜಾಗುತ್ತಿದೆ, ಡಾಕ್ಟರು ಕೈಚೆಲ್ಲಿದ್ದಾರೆ. "ಆ ನೀಲಿ ಹೂವನ್ನ ಇನ್ನೊಂದ್ಸಲ ನೋಡಿಬಿಟ್ರೆ ಸಾಕು ಕಣೇ" ಎಂದು ಅವರು ಮಗಳನ್ನು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅರಳಿದ ದಿನ ಕೈಹಿಡಿದು ಕರೆತಂದು ತೋರಿಸಬೇಕೆಂದು ಅವಳು ಮೊಗ್ಗಿನ ಸುದ್ದಿಯನ್ನು ಯಾರಿಗೂ ಹೇಳಿರಲಿಲ್ಲ.

"ಇದರಲ್ಲಿ ಒಂದು ದಂಟಿತ್ತಲ್ಲ, ಎಲ್ರೀ?"

ಗಂಡ ಕುಂಡದ ಚೂರುಗಳ ಕಡೆ ನೋಡಿದ. ಮೊಗ್ಗು ಅಲ್ಲೇ ಮುರಿದು ಬಿದ್ದಿತ್ತು.

"ಎಳೆಯುವಾಗ ಲಟಕ್ ಅಂತು. ಯಾವುದೋ ಎಲೆ ಅಂದ್ಕೊಂಡೆ."

"ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದ್ರಲ್ರೀ!" ಅವಳಿಗೆ ಸಿಟ್ಟು ಬಂತೋ ಅಳು ಬಂತೋ, ಎರಡೂ ಒಟ್ಟಿಗೇ ಬಂದವು. "ಮುಂದಿನ ವರ್ಷದ ಹೊತ್ತಿಗೆ ಅಮ್ಮಂಗೆ ಕಣ್ಣು ಕಾಣುತ್ತಾ? ನಿಮ್ಮ ಈ ಕರುಣೆಗಿಷ್ಟು ಬೆಂಕಿ ಹಾಕ!"

ಗಲಾಟೆ ಕೇಳಿ ಅಮ್ಮ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಹೊಸ್ತಿಲಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ಮುಖ ಅರಳಿತು.

"ಅಯ್ಯೋ, ಬಿಟ್ಟೇಬಿಡ್ತೇನೇ? ಅದೇ ನೀಲಿ ಕಣೇ! ಎಷ್ಟು ದೊಡ್ಡದಾಗಿದೆ!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಅದು ಡ್ರಮ್ಮು ಎನ್ನಲು ಅವಳಿಗೆ ನಾಲಿಗೆ ಹೊರಳಲಿಲ್ಲ.

"ಹೂಂ ಅಮ್ಮ. ಬಿಟ್ಟಿದೆ" ಎಂದುಬಿಟ್ಟಳು.

ಅಷ್ಟಕ್ಕೇ ನಿಲ್ಲಬಾರದಿತ್ತೇ? ಅಮ್ಮ ಮೆಲ್ಲಗೆ ಹೆಜ್ಜೆ ಹಾಕುತ್ತಾ ಹತ್ತಿರಕ್ಕೇ ಬಂದರು, ಬಗ್ಗಿ ಕೈಚಾಚಿದರು. ಬೆರಳು ಪ್ಲಾಸ್ಟಿಕ್ಕಿಗೆ ತಾಗಿತು. ಕತ್ತರಿಸಿದ ಅಂಚನ್ನು ಹಿಡಿದು ಸ್ವಲ್ಪ ದೂರ ಸವರಿಕೊಂಡು ಹೋಗಿ ನಿಂತಿತು. ಗಂಡ ತಲೆ ತಗ್ಗಿಸಿದ.

ಅಮ್ಮ ಕೈ ಹಿಂದಕ್ಕೆ ತೆಗೆಯಲಿಲ್ಲ. ಅಳಿಯನಿದ್ದ ಕಡೆಗೆ ಮುಖ ತಿರುಗಿಸಿ, ಮೆತ್ತಗೆ ಹೇಳಿದರು:

"ಒಳ್ಳೇ ಬಣ್ಣ ತಂದಿದ್ದೀರಿ ಅಳಿಯಂದಿರೇ. ಹೂ ಬಿಟ್ಟಾಗ ನೀವು ನೋಡಿ, ನನಗೆ ಹೇಳಿ."