ಕೌದಿಗೊಂದು ನಂಬರು

ನಂಬರಿಲ್ಲದ ವಸ್ತುವನ್ನು ಯಾವ ಗಾಡಿಯೂ ಒಯ್ಯುವುದಿಲ್ಲ. ನಂಬರು ಬಿದ್ದ ವಸ್ತು ಆ ಕ್ಷಣವೇ ಆನ್‌ಲೈನ್ ಅಂಗಡಿಗೆ ಏರುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಗದಗಿನ ನಂಬರು ಕಚೇರಿಯಲ್ಲಿ ಇಂದುಮತಿ ಹನ್ನೊಂದು ವರ್ಷಗಳಿಂದ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದಳು. ಅಂದು ನೀಲವ್ವ ಒಂದು ಕೌದಿ ತಂದಳು.

“ಮಗಳು ಅಸ್ಸಾಮದಾಗ ಹಡದಾಳ್ರೀ. ಕೂಸಿಗೆ ಕಳಸಬೇಕು. ಅಕಿ ತೀರಿಹೋದ ಅಪ್ಪನ ಧೋತರದಾಗ ಹೊಲದೀನಿ.”

“ನಂಬರ್ ಕೊಟ್ಟರ ಮಾರಾಟಕ್ಕ ಹೋಗತೈತಿ, ಅವ್ವಾ. ಕೈಲೆ ಹೊಲದದ್ದು ನಿಮಿಷದಾಗ ಯಾರರ ತಗೋತಾರ.”

ನೀಲವ್ವ ಕೌದಿಯನ್ನು ಎದೆಗವಚಿಕೊಂಡು ಎದ್ದಳು.

“ನಿಂದ್ರು,” ಎಂದು ಇಂದುಮತಿ ಹಳೆಯ ಪಟ್ಟಿ ತೆರೆದಳು. ತಯಾರಿಕೆ ನಿಂತುಹೋದ ಕುಕ್ಕರಿನದೊಂದು ನಂಬರು ಸಿಕ್ಕಿತು. ಅಂಗಡಿಯಲ್ಲಿ ಅದು ಕಾಣುವುದಿಲ್ಲ, ಗಾಡಿಗಳು ಮಾತ್ರ ಇನ್ನೂ ಒಪ್ಪುತ್ತವೆ. ಗೊತ್ತಾದರೆ ಕೆಲಸ ಹೋಗುತ್ತದೆ. ಅವಳು ಆ ನಂಬರಿನ ಚೀಟಿಯನ್ನು ಕೌದಿಗೆ ಅಂಟಿಸಿದಳು.

“ಕುಕ್ಕರ್ ಬರತೈತಿ ಅಂತ ನಿನ್ನ ಮಗಳಿಗೆ ಮೆಸೇಜ್ ಹೋಗತೈತಿ.”

“ಹೋಗಲಿ ಬಿಡ್ರೀ,” ನೀಲವ್ವ ನಕ್ಕಳು. “ಹೊಚಗೊಳ್ಳೋ ಕೂಸಿಗೆ ಓದಾಕ ಬರತೈತೇನು?”