ಒನ್ ಬೈ ಫೈವ್

"ಮೈನಸ್ ಎಲ್ಲಿ ನಾಝಿಮಕ್ಕ?" ಎಂದು ಲ್ಯಾನ್ಸಿ ಸರ್ ಕೇಳಿದ್ದೇ ತಡ, ಜೆಪ್ಪುವಿನ ಆ ಟ್ಯೂಷನ್ ಕೋಣೆಯ ಮಕ್ಕಳೆಲ್ಲ ಕಿಸಕ್ಕೆಂದರು. ಮಾರ್ಕರ್ ಹಿಡಿದು ಬೋರ್ಡಿನ ಎದುರು ನಿಂತಿದ್ದ ನಾಝಿಮಾಳಿಗೆ ನಲವತ್ತಾಗಲು ಇನ್ನೆರಡೇ ವರ್ಷ. ಒಂಬತ್ತನೇ ಕ್ಲಾಸಿಗೆ ಬಿಟ್ಟ ಓದನ್ನು ಮತ್ತೆ ಹಿಡಿದು, ಮಗಳು ಶಾಝಿಯಾಳ ಜೊತೆಗೇ ಈ ವರ್ಷ ಎಸ್ಸೆಸ್ಸೆಲ್ಸಿ ಬರೆದೇ ಬರೆಯುತ್ತೇನೆಂದು ಹೊರಟವಳು. ಉಳ್ಳಾಲದಿಂದ ಹಿಡಿದು ಇಲ್ಲಿಯವರೆಗೆ ಕೇಳಿದ ಕಡೆಯೆಲ್ಲ "ಮಕ್ಕಳ ನಡುವೆ ನೀವು ಎಂತ ಮಾಡ್ತೀರಿ?" ಎಂದು ಬಾಗಿಲಲ್ಲೇ ನಕ್ಕು ಕಳಿಸಿದ್ದರು. ಒಳಗೆ ಬನ್ನಿ ಎಂದವರು ಲ್ಯಾನ್ಸಿ ಸರ್ ಒಬ್ಬರೇ. ಇಲ್ಲಿಂದಲೂ ಹೊರಬಿದ್ದರೆ ಗಣಿತ ಹೇಳಿಕೊಡುವವರು ಬೇರೆ ಯಾರೂ ಇರಲಿಲ್ಲ.

ಲೆಕ್ಕ ಇಷ್ಟೆ. ಬ್ರಾಕೆಟಿನೊಳಗೆ ಮೈನಸ್ ಐದರ ವರ್ಗ. ಬ್ರಾಕೆಟಿನ ಹೊರಗೆ, ನೆತ್ತಿಯ ಮೇಲೆ, ಮೈನಸ್ ಅರ್ಧ ಎಂಬ ಘಾತ. ಮೊದಲು ನಾಝಿಮಾ ಬರೀ 5 ಎಂದು ಬರೆದಿದ್ದಳು. "ಪವರಿನಲ್ಲಿ ಮೈನಸ್ ಉಂಟಲ್ಲ, ತಲೆಕೆಳಗೆ ಮಾಡಿ" ಎಂದು ಸರ್ ತಿದ್ದಿದರು. "ಛೆ, ಮರೆತೇ ಹೋಯ್ತು ನೋಡಿ!" ಎಂದು ತಾನೇ ನಕ್ಕು, ಅಳಿಸಿ, 1/5 ಎಂದು ಬರೆದಳು. ತನ್ನ ತಪ್ಪು ಒಪ್ಪಿಕೊಳ್ಳಲು ಅವಳಿಗೆ ಎಳ್ಳಷ್ಟೂ ನಾಚಿಕೆಯಿಲ್ಲ. ಆದರೆ ಈಗ ಅದರ ಎಡಕ್ಕೂ ಒಂದು ಮೈನಸ್ ಬೇಕಂತೆ!

ಸರ್ ಮಕ್ಕಳ ಕಡೆ ತಿರುಗಿದರು. "ಪವರಿಗೆ ಪವರ್ ಬಂದ್ರೆ?"

"ಗುಣಿಸು!" ಎಂದು ಇಡೀ ಕೋಣೆ ಕೂಗಿತು. ಇಲ್ಲಿಯ ಪದ್ಧತಿಯೇ ಅದು. ಅರ್ಧ ಸರ್ ಹೇಳಿದರೆ ಉಳಿದರ್ಧ ಮಕ್ಕಳು ಗಂಟಲು ಹರಿಯುವಂತೆ ಒದರಬೇಕು.

"ಎರಡನ್ನೂ ಮೈನಸ್ ಅರ್ಧವನ್ನೂ ಗುಣಿಸಿದ್ರೆ?"

"ಮೈನಸ್ ಒಂದು!"

"ಮೈನಸ್ ಐದಕ್ಕೆ ಪವರ್ ಮೈನಸ್ ಒಂದು ಅಂದ್ರೆ?"

"ಮೈನಸ್ ಒನ್ ಬೈ ಫೈವ್!" ಎಲ್ಲರಿಗಿಂತ ಜೋರಾಗಿ ಕೂಗಿದವಳು ಶಾಝಿಯಾ. ಅದು ಮಾತ್ರ ನಾಝಿಮಾಳಿಗೆ ಚುಚ್ಚಿತು.

"ಸರ್, ನಾನು ಬ್ರಾಕೆಟಿನ ಒಳಗಿನದ್ದು ಮೊದಲು ಮುಗಿಸಿದೆ" ಎಂದಳು. "ಮೈನಸ್ ಐದನ್ನು ಮೈನಸ್ ಐದರಿಂದ ಗುಣಿಸಿದ್ರೆ ಇಪ್ಪತ್ತೈದು. ಮೈನಸ್ ಅಲ್ಲಿಗೇ ಹೋಯ್ತು. ಇಪ್ಪತ್ತೈದರ ವರ್ಗಮೂಲ ಐದು. ತಲೆಕೆಳಗೆ ಮಾಡಿದ್ರೆ ಒನ್ ಬೈ ಫೈವ್. ಹೋದ ಮೈನಸ್ ವಾಪಸ್ ಎಲ್ಲಿಂದ ಬಂತು ಸರ್?"

ಲ್ಯಾನ್ಸಿ ಸರ್ ಬೋರ್ಡನ್ನೊಮ್ಮೆ ದಿಟ್ಟಿಸಿದರು. ಸುಳ್ಳೇಕೆ ಹೇಳಬೇಕು, ಅವರೇನೂ ದಡ್ಡರಲ್ಲ. ಒಳಗೆ ಮೈನಸ್ ಸಂಖ್ಯೆ ಕೂತು, ಹೊರಗೆ ಅರ್ಧದ ಘಾತ ಬಂದರೆ ತಮ್ಮ 'ಗುಣಿಸು' ಕೈಕೊಡುತ್ತದೆಂದು ಆ ಗಳಿಗೆಯಲ್ಲೇ ಅವರಿಗೆ ಹೊಳೆದಿತ್ತು. ಅವರ ಕಿವಿ ಕೆಂಪಾದದ್ದನ್ನು ನಾಝಿಮಾ ಕಣ್ಣಾರೆ ಕಂಡಳು. ಆದರೆ ಮಾಡುವುದೇನು? ಇದೇ ಲೆಕ್ಕ, ಇದೇ ಮೈನಸ್ ಸಮೇತ, ಅವರೇ ಬರೆದ ಗೈಡಿನಲ್ಲಿ ಅಚ್ಚಾಗಿ ಜೆಪ್ಪುವಿನಿಂದ ವಾಮಂಜೂರಿನವರೆಗೆ ಪುಸ್ತಕದಂಗಡಿಗಳಲ್ಲಿ ಮಾರಾಟವಾಗುತ್ತಿತ್ತು. ಈಗ ತಪ್ಪೆಂದರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು.

"ಗೈಡಿನಲ್ಲಿ ಮೈನಸ್ ಉಂಟು. ಹಾಕಿ" ಎಂದರು ಬಿಗಿದ ದನಿಯಲ್ಲಿ.

"ಹಾಕುದಿಲ್ಲ ಸರ್."

"ಹಾಗಾದ್ರೆ ನಾಳೆಯಿಂದ ಬರುದು ಬೇಡ. ನನ್ನ ಕ್ಲಾಸಲ್ಲಿ ನನ್ನದೇ ಮೆಥಡ್."

"ಉಮ್ಮಾ, ಒಂದು ಗೆರೆ ಅಲ್ವಾ? ಎಳೆದುಬಿಡಿ ಉಮ್ಮಾ" ಎಂದು ಶಾಝಿಯಾ ಗೋಗರೆದಳು. ನಾಝಿಮಾ ಬೋರ್ಡಿನತ್ತ ನೋಡಿದಳು. ಹೌದು, ಒಂದೇ ಗೆರೆ. ಎಳೆದರೆ ನಾಳೆಯೂ ಈ ಬಾಗಿಲು ತೆರೆದಿರುತ್ತದೆ, ಎಸ್ಸೆಸ್ಸೆಲ್ಸಿಯೂ ಕೈಗೆ ಸಿಕ್ಕೀತು. ಆದರೆ ಮದುವೆಯಾಗಿ ಬಂದಂದಿನಿಂದ ಅತ್ತೆಗೊಂದು ಹೂಂ, ಭಾವನಿಗೊಂದು ಹೂಂ, ನೆಂಟರಿಗೆಲ್ಲ ಹೂಂ ಅಂದು ಅಂದು ಅವಳಿಗೆ ಸಾಕುಸಾಕಾಗಿತ್ತು. ಇಂದು ಇಲ್ಲಿಯೂ ಹೂಂ ಅಂದರೆ ಮಗಳೂ ಅದನ್ನೇ ಕಲಿತಾಳೆಂದು ನೆನೆದು ಹೆದರಿಕೆಗಿಂತ ಸಿಟ್ಟೇ ಉಕ್ಕಿ ಬಂತು.

ಅವಳು ಅಲ್ಲಾಡದ್ದನ್ನು ಕಂಡು ಸರ್ ಹತ್ತಿರ ಬಂದರು. ಮಕ್ಕಳಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ನಾಝಿಮಕ್ಕ, ಮಕ್ಕಳ ಎದುರು ಇದೆಲ್ಲ ಬೇಡ. ನಿಮ್ಮದು ಸರಿ. ನಿಮಗೂ ಗೊತ್ತುಂಟು, ನನಗೂ ಗೊತ್ತಾಯ್ತು. ಸಾಕಲ್ಲ? ಇಲ್ಲಿ ಮೈನಸ್ ಹಾಕಿ, ನಾಳೆ ಆರಾಮಾಗಿ ಬನ್ನಿ. ಸರಿಯಾದದ್ದನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ."

ನಾಝಿಮಾ ಮಾರ್ಕರಿನ ಮುಚ್ಚಳ ಹಾಕಿ ಅದನ್ನು ಅವರ ಕೈಗಿತ್ತಳು. ಅವಳೇನೂ ದನಿ ತಗ್ಗಿಸಲಿಲ್ಲ; ಕೊನೆಯ ಬೆಂಚಿಗೂ ಕೇಳಿಸುವ ಹಾಗೆ ಹೇಳಿದಳು.

"ಗೊತ್ತಿದ್ದದ್ದನ್ನೆಲ್ಲ ಇಪ್ಪತ್ತು ವರ್ಷ ಮನೆಯಲ್ಲೇ ಇಟ್ಟುಕೊಂಡೆ ಸರ್. ಇನ್ನು ಇದನ್ನೂ ಇಡ್ಲಿಕ್ಕೆ ಅಲ್ಲಿ ಜಾಗ ಇಲ್ಲ."