ಬೀದಿ ಕಡೆಯ ರೂಮು

"ಬೀದಿ ಕಡೆ ರೂಮು ಬೇಡ ಅಂದಿದ್ನಲ್ರೀ, ಮಗು ಮಲಗೋದು ಹೇಗೆ?" ಎಂದು ಚಂದ್ರಕಲಾ ಚೀಲವನ್ನು ನೆಲಕ್ಕಿಟ್ಟಳು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾವುದೋ ಇಂಟರ್‌ನೆಟ್ ಕಂಪನಿಗಳ ಸಮ್ಮೇಳನವಿದ್ದು ಹೋಟೆಲುಗಳೆಲ್ಲ ತುಂಬಿಹೋಗಿದ್ದವು. "ಸಿಕ್ಕಿದ್ದು ಇದೊಂದೇ. ಆಸ್ಪತ್ರೆಗೆ ನಡ್ಕೊಂಡೇ ಹೋಗ್ಬಹುದು ಕಣೇ, ಮಗೂನ ತಳ್ಳೋ ಗಾಡಿ ಸಾಕು," ಎಂದ ಶಿವಪ್ರಕಾಶ.

ಮರುದಿನ ಎರಡು ವರ್ಷದ ನಿಸರ್ಗಾಳ ಕಿವಿ ಪರೀಕ್ಷೆಯಿತ್ತು. ಮಗು ಇನ್ನೂ 'ಅಮ್ಮ' ಎಂದಿರಲಿಲ್ಲ. ತಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ಬಂದಿದ್ದೇ ತಡವಾಗಿ ಎಂದು ಶಿವಪ್ರಕಾಶ ತಾವಿರುವ ಮಾರ್ಗನ್ ಹಿಲ್‌ನಿಂದ ರೈಲಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಲೇ ಬಂದಿದ್ದ. ಚಂದ್ರಕಲಾಗೂ ಅದನ್ನೇ ನಂಬುವ ಆಸೆ.

ಅಷ್ಟರಲ್ಲಿ ಫೈರ್ ಇಂಜಿನ್ ಒಂದು ಸೈರನ್ ಕೂಗಿಸುತ್ತ ಬಂದು ಕಿಟಕಿಯ ಕೆಳಗೇ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತು. ಗಾಜು ಅದುರಿತು. ಚಂದ್ರಕಲಾ ಬೆಚ್ಚಿಬಿದ್ದಳು. ಕಿಟಕಿಗೆ ಬೆನ್ನು ಹಾಕಿ ಕೂತು ತನ್ನ ಬೂಟಿನ ಪಟ್ಟಿ ಎಳೆಯುತ್ತಿದ್ದ ಮಗುವಿನ ಬಳಿಗೆ ಶಿವಪ್ರಕಾಶ ಓಡಿಹೋಗಿ ಅವಳ ಕಿವಿಗಳನ್ನು ಎರಡೂ ಕೈಗಳಿಂದ ಮುಚ್ಚಿದ. ಅವನ ಕೈ ತಾಗಿದ ಮೇಲೆಯೇ ನಿಸರ್ಗಾ ತಿರುಗಿ ನೋಡಿದ್ದು. ಅಪ್ಪ ಆಟವಾಡಿಸುತ್ತಿದ್ದಾನೆಂದುಕೊಂಡು ನಕ್ಕಳು.

ಸೈರನ್ ಇನ್ನೂ ಕೂಗುತ್ತಲೇ ಇತ್ತು. ಚಂದ್ರಕಲಾ ಹತ್ತಿರ ಬಂದು ಕೂತು, ಗಂಡನ ಕೈಗಳನ್ನು ಮಗುವಿನ ಕಿವಿಯಿಂದ ಮೆಲ್ಲಗೆ ಬಿಡಿಸಿದಳು.